ರೈನ್ ದಂಡೆಯ ಚಾಕೊಲೇಟ್ ಮನೆ

ಜರ್ಮನಿಯ ಕಲೋನ್ ನಗರಕ್ಕೆ ಬಂದವರು ಮೊದಲು ನೋಡುವುದು ಅವಳಿ ಗೋಪುರದ ಮಹಾಚರ್ಚನ್ನು. ಅಲ್ಲಿಂದ ರೈನ್ ನದಿಯ ದಂಡೆ ಹಿಡಿದು ದಕ್ಷಿಣಕ್ಕೆ ನಡೆದರೆ ಸ್ವಲ್ಪ ಹೊತ್ತಿನಲ್ಲೇ ಹಳೆಯ ಬಂದರು ರೈನಾವ್‌ಹಾಫೆನ್ ಎದುರಾಗುತ್ತದೆ. ಪ್ರಷ್ಯದ ಆಳ್ವಿಕೆಯಲ್ಲಿ, 19ನೇ ಶತಮಾನದ ಕೊನೆಗೆ ಕಟ್ಟಿದ ಸುಂಕದ ಕಟ್ಟೆಯೊಂದು ಅಲ್ಲಿದೆ. ಅದಕ್ಕೆ ಅಂಟಿಕೊಂಡು, ನೀರಿಗೆ ಮುಖ ಮಾಡಿ, ಗಾಜು ಮತ್ತು ಅಲ್ಯುಮಿನಿಯಂನ ಹೊಸ ಕಟ್ಟಡವೊಂದು ಹಡಗಿನ ಆಕಾರದಲ್ಲಿ ನಿಂತಿದೆ. 1993ರ ಅಕ್ಟೋಬರ್ 31ರಂದು ಬಾಗಿಲು ತೆರೆದ ಚಾಕೊಲೇಟ್ ಮ್ಯೂಸಿಯಂ ಇದು. ಸರ್ಕಾರದ ದುಡ್ಡಿಗೆ ಕೈಚಾಚದೆ, ಟಿಕೆಟ್ಟು, ಅಂಗಡಿ, ಕೆಫೆಗಳ ಆದಾಯದಲ್ಲೇ ನಡೆಯುವ ಈ ಮನೆಗೆ ವರ್ಷಕ್ಕೆ ಲಕ್ಷಾಂತರ ಜನ ಬರುತ್ತಾರೆ.

ಮಕ್ಕಳು ಬರುವುದು ಕಾರಂಜಿಗಾಗಿ. ಹಡಗಿನ ಮುಂತುದಿ ಎನ್ನಬಹುದಾದ ಜಾಗದಲ್ಲಿ, ಹೊರಗೆ ನದಿ ಕಾಣುವಂತೆ, ಸುಮಾರು 3 ಮೀಟರ್ ಎತ್ತರದ ಕಾರಂಜಿಯಲ್ಲಿ 200 ಕಿಲೋ ಬಿಸಿ ಚಾಕೊಲೇಟ್ ಇಳಿಯುತ್ತಿರುತ್ತದೆ. ಬಿಳಿ ಅಂಗಿಯ ಸಿಬ್ಬಂದಿಯೊಬ್ಬರು ತೆಳು ವೇಫರನ್ನು ಅದರಲ್ಲಿ ಅದ್ದಿ ಬಂದವರ ಕೈಗಿಡುತ್ತಾರೆ. ನೇರ ಅಲ್ಲಿಗೇ ಓಡಿ, ನಾಲ್ಕು ವೇಫರ್ ತಿಂದು, ಫೋಟೊ ತೆಗೆಸಿಕೊಂಡು ಹೊರಡುವವರಿದ್ದಾರೆ. ಅದು ನಷ್ಟದ ವ್ಯಾಪಾರ. ಇಲ್ಲಿ ಗೈಡಿನ ಹಿಂದೆ ಓಡಲೇಬೇಕೆಂಬ ಕಟ್ಟುಪಾಡಿಲ್ಲ, ತಮ್ಮ ಪಾಡಿಗೆ ತಾವು ನಿಂತು ನೋಡಬಹುದು. ಆ ಸ್ವಾತಂತ್ರ್ಯವನ್ನು ಪೂರ್ತಿ ಬಳಸಿಕೊಂಡು, ಗಿಡದಿಂದ ಶುರುಮಾಡಿ ಕಾರಂಜಿಗೆ ಕೊನೆಯಲ್ಲಿ ಬಂದವರಿಗೆ ಆ ವೇಫರಿನ ರುಚಿಯೇ ಬೇರೆ.

ಗಿಡ ಇರುವುದು ಗಾಜಿನ ಮನೆಯೊಳಗೆ. ಹೊರಗೆ ಹಿಮ ಬೀಳುತ್ತಿದ್ದರೂ ಒಳಗೆ ಮಳೆಕಾಡಿನ ಸೆಕೆ. ಕೊಕ್ಕೋ ಮರ ಎತ್ತರದ ಮರಗಳ ನೆರಳಿನಲ್ಲಿ ಬೆಳೆಯುವಂಥದು. ಸಮಭಾಜಕ ವೃತ್ತದಿಂದ ಉತ್ತರಕ್ಕೂ ದಕ್ಷಿಣಕ್ಕೂ ಸುಮಾರು 20 ಡಿಗ್ರಿಯೊಳಗಿನ ಬಿಸಿ, ತೇವದ ನಾಡು ಬಿಟ್ಟರೆ ಅದಕ್ಕೆ ಬೇರೆಡೆ ಒಗ್ಗದು. ಹೂವು, ಕಾಯಿ ಬಿಡುವುದು ರೆಂಬೆಯ ತುದಿಯಲ್ಲಲ್ಲ, ಹಲಸಿನ ಹಾಗೆ ಕಾಂಡದ ಮೈಮೇಲೆಯೇ. ಬೆರಳ ತುದಿಯಷ್ಟು ಚಿಕ್ಕ ಆ ಹೂವಿಗೆ ಜೇನುನೊಣದಿಂದ ಉಪಯೋಗವಿಲ್ಲ. ಪರಾಗ ಸಾಗಿಸುವುದು ಕಣ್ಣಿಗೆ ಕಾಣುವುದೇ ಕಷ್ಟವಾದ ಗುಂಗುರುಗಳು. ಸಾವಿರಾರು ಹೂಗಳಲ್ಲಿ ಕಾಯಾಗುವುದು ಬೆರಳೆಣಿಕೆಯಷ್ಟು. ಕಾಯಿ ಒಡೆದರೆ ಬಿಳಿ ಲೋಳೆಯಲ್ಲಿ ಅದ್ದಿದ ಮೂವತ್ತು ನಲವತ್ತು ಬೀಜ. ಲೋಳೆ ಹುಳಿಸಿಹಿ, ಬೀಜ ಕಡು ಒಗರು. ಚಾಕೊಲೇಟಿನ ಸುಳಿವೂ ಅದರಲ್ಲಿ ಇಲ್ಲ. ಬೀಜವನ್ನು ಲೋಳೆಯ ಸಮೇತ ರಾಶಿ ಹಾಕಿ ಐದಾರು ದಿನ ಹುದುಗಲು ಬಿಟ್ಟು, ಬಿಸಿಲಿಗೆ ಒಣಗಿಸಿ, ಆಮೇಲೆ ಹುರಿದಾಗಲಷ್ಟೇ ಆ ಪರಿಮಳ ಹುಟ್ಟುತ್ತದೆ. ಅಂದರೆ ಕಾರ್ಖಾನೆ ಮುಟ್ಟುವ ಮೊದಲೇ ರುಚಿಯ ಅರ್ಧ ಕೆಲಸ ರೈತನ ಅಂಗಳದಲ್ಲಿ ಮುಗಿದಿರುತ್ತದೆ.

ಈ ಕೆಲಸವನ್ನು ಮೊದಲು ಕಂಡುಕೊಂಡವರು ಯುರೋಪಿನವರಲ್ಲ. ಈಕ್ವೆಡಾರಿನ ಸಾಂತಾ ಆನಾ ಲಾ ಫ್ಲೋರಿದಾ ಎಂಬಲ್ಲಿ ಸಿಕ್ಕ ಮಡಕೆಗಳಲ್ಲಿ ಕೊಕ್ಕೋದ ಕುರುಹು ಇತ್ತೆಂದು 2018ರಲ್ಲಿ ಸಂಶೋಧಕರು ಪ್ರಕಟಿಸಿದರು. ಆ ಮಡಕೆಗಳ ವಯಸ್ಸು 5,000 ವರ್ಷಕ್ಕೂ ಹೆಚ್ಚು. ಮುಂದೆ ಮಧ್ಯ ಅಮೆರಿಕದ ಮಾಯಾ ಜನರು, ಅವರ ನಂತರ ಆಜ್ಟೆಕರು ಅದನ್ನು ಪಾನೀಯವಾಗಿಸಿದರು. ಹುರಿದ ಬೀಜವನ್ನು ಕಲ್ಲಿನ ಮೇಲೆ ಅರೆದು, ನೀರಿಗೆ ಕಲಸಿ, ಮೆಣಸಿನಕಾಯಿ, ವೆನಿಲ್ಲಾ ಬೆರೆಸಿ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಸುರಿದು ನೊರೆ ಎಬ್ಬಿಸುತ್ತಿದ್ದರು. ಸಕ್ಕರೆ ಅವರಲ್ಲಿ ಇರಲೇ ಇಲ್ಲ. ಕುಡಿಯುವವರು ದೊರೆಗಳು, ಯೋಧರು, ದೊಡ್ಡ ವರ್ತಕರು.

ಕುಡಿಯುವುದಕ್ಕಿಂತ ಎಣಿಸುವುದಕ್ಕೇ ಆ ಬೀಜ ಹೆಚ್ಚು ಬಳಕೆಯಾಯಿತೇನೋ. ಅದು ಅವರ ಚಿಲ್ಲರೆ ಹಣ. 1545ರಲ್ಲಿ ತ್ಲಾಶ್ಕಾಲಾ ಎಂಬ ಊರಿನಲ್ಲಿ ಬರೆದಿಟ್ಟ ದರಪಟ್ಟಿ ಇಂದಿಗೂ ಉಳಿದಿದೆ. ಒಂದು ಹೆಣ್ಣು ಟರ್ಕಿ ಕೋಳಿಗೆ 100 ಒಳ್ಳೆಯ ಬೀಜ, ಅದರ ಮೊಟ್ಟೆಗೆ 3, ಈಗಷ್ಟೇ ಕಿತ್ತ ಬೆಣ್ಣೆಹಣ್ಣಿಗೆ 3, ದೊಡ್ಡ ಟೊಮೆಟೊಗೆ 1. ಹಣ ಇದ್ದಲ್ಲಿ ಖೋಟಾ ಹಣವೂ ಇರಬೇಕಲ್ಲ! ಬೀಜದ ಸಿಪ್ಪೆಯೊಳಗೆ ಮಣ್ಣೋ ಮೇಣವೋ ತುಂಬಿ ದಾಟಿಸುವ ಕಳ್ಳರ ಬಗ್ಗೆ ಸ್ಪ್ಯಾನಿಷರು ಬರೆದಿದ್ದಾರೆ. 1502ರಲ್ಲಿ ಗ್ವಾನಾಹಾ ದ್ವೀಪದ ಬಳಿ ಕೊಲಂಬಸ್‌ನ ಕಡೆಯವರು ಮಾಯಾ ವರ್ತಕರ ದೋಣಿಯೊಂದನ್ನು ಹಿಡಿದಾಗ, ಕೆಳಗೆ ಬಿದ್ದ ಕೆಲವು ಬೀಜಗಳನ್ನು ಆ ವರ್ತಕರು ಕಣ್ಣೇ ಕಳಚಿ ಬಿದ್ದವೆಂಬ ಹಾಗೆ ಬಗ್ಗಿ ಆರಿಸಿಕೊಂಡದ್ದನ್ನು ಕೊಲಂಬಸ್‌ನ ಮಗ ಫೆರ್ನಾಂಡೊ ದಾಖಲಿಸಿದ. ಆರಿಸಿದ್ದೇಕೆಂದು ಮಾತ್ರ ಆ ಹಡಗಿನವರಿಗೆ ಹೊಳೆಯಲಿಲ್ಲ.

ಹೊಳೆಯಲು ಕೆಲವು ದಶಕ ಬೇಕಾಯಿತು. 1544ರಲ್ಲಿ ಗ್ವಾಟೆಮಾಲಾದ ಕೆಕ್ಚಿ ಮಾಯಾ ಮುಖಂಡರನ್ನು ಡೊಮಿನಿಕನ್ ಪಾದ್ರಿಗಳು ಸ್ಪೇನಿನ ರಾಜಕುಮಾರ ಫಿಲಿಪ್‌ನ ಬಳಿಗೆ ಕರೆತಂದರು. ಅವರು ತಂದ ಕಾಣಿಕೆಗಳಲ್ಲಿ ಕಡೆದ ಚಾಕೊಲೇಟ್ ಪಾನೀಯವೂ ಇತ್ತು. 1585ರಲ್ಲಿ ವೆರಾಕ್ರೂಸ್‌ನಿಂದ ಸೆವಿಯಾಗೆ ವ್ಯಾಪಾರದ ಮೊದಲ ಸರಕು ಬಂತು. ಸ್ಪ್ಯಾನಿಷರು ಮೆಣಸಿನಕಾಯಿ ಬಿಟ್ಟು ಸಕ್ಕರೆ, ದಾಲ್ಚಿನ್ನಿ ಹಾಕಿ ಬಿಸಿ ಬಿಸಿ ಕುಡಿಯತೊಡಗಿದರು. ಉಪವಾಸದ ದಿನ ಇದನ್ನು ಕುಡಿದರೆ ವ್ರತ ಕೆಡುತ್ತದೆಯೇ ಎಂಬ ಚರ್ಚೆ ಚರ್ಚಿನೊಳಗೆ ವರ್ಷಗಟ್ಟಲೆ ನಡೆಯಿತು. ದ್ರವದಿಂದ ಉಪವಾಸ ಮುರಿಯದು ಎಂದು 17ನೇ ಶತಮಾನದಲ್ಲಿ ಕಾರ್ಡಿನಲ್ ಬ್ರಾಂಕಾಚಿಯೊ ವಾದಿಸಿದ ಮೇಲೆ ಭಕ್ತರು ನೆಮ್ಮದಿಯಿಂದ ಕುಡಿದರು. 1657ರ ಹೊತ್ತಿಗೆ ಲಂಡನ್ನಿನಲ್ಲಿ ಚಾಕೊಲೇಟ್ ಅಂಗಡಿ ಇತ್ತು. ಕೈ ನಡುಗಿದರೂ ಲೋಟ ಉರುಳದಂತೆ ತಟ್ಟೆಯ ನಡುವೆ ಗೂಡು ಮಾಡಿದ ಪಿಂಗಾಣಿ ಕಪ್ಪುಗಳು, ನೊರೆ ಕಡೆಯುವ ಕೋಲಿಗೆ ಮುಚ್ಚಳದಲ್ಲೇ ತೂತು ಬಿಟ್ಟ ಬೆಳ್ಳಿಯ ಹೂಜಿಗಳು ಆ ಕಾಲದವು. ಶ್ರೀಮಂತರು ಮಧ್ಯಾಹ್ನದವರೆಗೆ ಹಾಸಿಗೆಯಲ್ಲೇ ಕೂತು ಚಾಕೊಲೇಟ್ ಕುಡಿಯಬಲ್ಲವರಾಗಿದ್ದದ್ದು ಅಮೆರಿಕದ ತೋಟಗಳಲ್ಲಿ ಆಫ್ರಿಕದ ಗುಲಾಮರು ದುಡಿಯುತ್ತಿದ್ದುದರಿಂದ. ಕಪ್ಪಿನ ಅಂದ ನೋಡುವಾಗ ಇದು ಮನಸ್ಸಿನಲ್ಲಿ ಇರಬೇಕು.

ಇಂದು ಜೇಬಿನಲ್ಲಿಟ್ಟುಕೊಳ್ಳುವ ಚಾಕೊಲೇಟ್ ಬಂದದ್ದು ಬಹಳ ತಡವಾಗಿ, ಯಂತ್ರಗಳ ಜೊತೆಗೆ. ಕೊಕ್ಕೋ ಬೀಜದಲ್ಲಿ ಅರ್ಧದಷ್ಟು ಕೊಬ್ಬು. ಅದು ಪಾನೀಯದ ಮೇಲೆ ಎಣ್ಣೆಯಾಗಿ ತೇಲುತ್ತಿತ್ತು. 1828ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವಾನ್ ಹೌಟೆನ್ ಕುಟುಂಬ ಆ ಕೊಬ್ಬನ್ನು ಹಿಂಡಿ ತೆಗೆಯುವ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆಯಿತು. ಉಳಿದ ಹಿಂಡಿಯನ್ನು ಪುಡಿ ಮಾಡಿದರೆ ಅದೇ ಕೊಕ್ಕೋ ಪುಡಿ. ಹಿಂಡಿ ತೆಗೆದ ಬೆಣ್ಣೆಗೆ ಕೆಲಸ ಕೊಟ್ಟದ್ದು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಫ್ರೈ ಕಂಪನಿ. 1847ರಲ್ಲಿ ಅವರು ಪುಡಿ, ಸಕ್ಕರೆ, ಕರಗಿಸಿದ ಕೊಕ್ಕೋ ಬೆಣ್ಣೆ ಮೂರನ್ನೂ ಕಲಸಿ ಅಚ್ಚಿಗೆ ಹೊಯ್ದರು. ಕುಡಿಯುತ್ತಿದ್ದ ವಸ್ತುವನ್ನು ಕಚ್ಚಿ ತಿನ್ನುವಂತಾದದ್ದು ಹೀಗೆ. 1875ರಲ್ಲಿ ಸ್ವಿಟ್ಜರ್ಲೆಂಡಿನ ವೆವೆ ಪಟ್ಟಣದ ಡೇನಿಯಲ್ ಪೀಟರ್ ಅದಕ್ಕೆ ಹಾಲು ಸೇರಿಸಿದ. ಹಸಿ ಹಾಲಿನ ನೀರಿನಂಶ ಚಾಕೊಲೇಟನ್ನು ಕೆಡಿಸುತ್ತದೆ. ಅವನ ನೆರೆಯ ಆನ್ರಿ ನೆಸ್ಲೆ ಶಿಶುಗಳ ಆಹಾರಕ್ಕೆಂದು ರೂಢಿಸಿಕೊಂಡಿದ್ದ ಗಟ್ಟಿಹಾಲಿನ ವಿದ್ಯೆ ಇಲ್ಲಿ ಒದಗಿಬಂತು. 1879ರಲ್ಲಿ ಬರ್ನ್ ನಗರದ ರುಡಾಲ್ಫ್ ಲಿಂಡ್ಟ್ ಚಾಕೊಲೇಟನ್ನು ಗಂಟೆಗಟ್ಟಲೆ, ದಿನಗಟ್ಟಲೆ ತಿಕ್ಕುತ್ತಾ ಕಲಕುವ ಕಾಂಚ್ ಯಂತ್ರವನ್ನು ಬಳಕೆಗೆ ತಂದ. ಹುಳಿ ವಾಸನೆ ಆರಿಹೋಗಿ, ತರಿ ಮಾಯವಾಗಿ, ಬಾಯಲ್ಲಿ ಜಾರುವ ಗುಣ ಬಂತು.

ಕಲೋನಿನ ಪಾಲು ಈ ಸಾಲಿನಲ್ಲೇ ಇದೆ. ಯುರೋಪಿನ ಚಾಕೊಲೇಟ್ ಎಂದರೆ ಸ್ವಿಸ್, ಬೆಲ್ಜಿಯಂ ಎನ್ನುವವರು ಅದನ್ನು ಮರೆಯುತ್ತಾರೆ. 1839ರಲ್ಲಿ ಬೇಕರಿ ಕಸುಬಿನ ಫ್ರಾಂಟ್ಸ್ ಸ್ಟೋಲ್‌ವೆರ್ಕ್ ಇಲ್ಲಿ ಅಂಗಡಿ ಹಾಕಿದ. ಹೆಸರು ತಂದುಕೊಟ್ಟದ್ದು ಕೆಮ್ಮಿನ ಮಿಠಾಯಿ. ಕೆಮ್ಮಿಗೆ ಕೊಡುವುದು ಔಷಧಿ, ಅದನ್ನು ಮಾರುವ ಹಕ್ಕು ತಮ್ಮದು ಎಂದು ಔಷಧಿ ಅಂಗಡಿಯವರು ತಕರಾರು ತೆಗೆದರು. ಗೆದ್ದದ್ದು ಮಿಠಾಯಿಯವನೇ. ಚಾಕೊಲೇಟ್ ನಂತರ ಬಂತು. 1876ರಲ್ಲಿ ಅವನು ತೀರಿಕೊಂಡಾಗ ಐವರು ಗಂಡುಮಕ್ಕಳು ವ್ಯವಹಾರದಲ್ಲಿದ್ದರು. ಅವರಲ್ಲಿ ಹೈನ್‌ರಿಚ್‌ಗೆ ಯಂತ್ರದ ಹುಚ್ಚು. 1873ರಲ್ಲಿ ಅವನು ರೂಪಿಸಿದ ಐದು ಉರುಳೆಗಳ ಅರೆಯುವ ಯಂತ್ರ ಚಾಕೊಲೇಟ್ ಕಾರ್ಖಾನೆಗಳ ದಿಕ್ಕನ್ನೇ ಬದಲಿಸಿತು. ಇಂದಿನ ಕಾರ್ಖಾನೆಗಳೂ ಅದೇ ತತ್ವದ ಉರುಳೆಗಳ ಮೇಲೆ ನಡೆಯುತ್ತವೆ. ಕಣ ಒಂದು ಮಿಲಿಮೀಟರಿನ ಐವತ್ತರಲ್ಲಿ ಒಂದು ಪಾಲಿನಷ್ಟು ಸಣ್ಣಗಾದರೆ ನಾಲಿಗೆಗೆ ತರಿ ತಿಳಿಯುವುದಿಲ್ಲ. ಮ್ಯೂಸಿಯಮ್ಮಿನೊಳಗೆ ಗಾಜಿನ ಹಿಂದೆ ಓಡುವ ಸಣ್ಣ ಕಾರ್ಖಾನೆಯಲ್ಲಿ ಈ ಹಂತಗಳನ್ನೆಲ್ಲ ಹತ್ತಿರದಿಂದ ನೋಡಬಹುದು. ಹುರಿಯುವುದು, ಅರೆಯುವುದು, ಕಲಕುವುದು, ಅಚ್ಚಿಗೆ ಹೊಯ್ಯುವುದು, ಕಾಗದ ಸುತ್ತುವುದು.

ಇನ್ನೊಬ್ಬ ಮಗ ಲುಡ್‌ವಿಗ್‌ನ ಹುಚ್ಚು ವ್ಯಾಪಾರದ್ದು. ಅವನಷ್ಟು ಸ್ವಾರಸ್ಯದ ಮನುಷ್ಯ ಈ ಕಥೆಯಲ್ಲಿ ಇನ್ನೊಬ್ಬನಿಲ್ಲ. ಅಂಗಡಿ ಮುಚ್ಚಿದ ಮೇಲೂ, ಅಂಗಡಿಯೇ ಇಲ್ಲದ ರೈಲು ನಿಲ್ದಾಣದಲ್ಲೂ ಚಾಕೊಲೇಟ್ ಮಾರಾಟವಾಗಬೇಕು ಎಂಬುದು ಅವನ ಹಟ. 1887ರಿಂದ ಕಾಸು ಹಾಕಿದರೆ ಚಾಕೊಲೇಟ್ ಉದುರಿಸುವ ಯಂತ್ರಗಳನ್ನು ಊರೂರಿಗೆ ನಿಲ್ಲಿಸತೊಡಗಿದ. 1893ರ ಹೊತ್ತಿಗೆ ಅಂಥ ಯಂತ್ರಗಳ ಸಂಖ್ಯೆ 15,000 ಮುಟ್ಟಿತ್ತು. ಅದೇ ವರ್ಷ ಶಿಕಾಗೋದ ವಿಶ್ವಮೇಳದಲ್ಲಿ ಅವನ ಕಂಪನಿ ಚಾಕೊಲೇಟ್ ಮತ್ತು ಕೊಕ್ಕೋ ಬೆಣ್ಣೆಯಲ್ಲೇ 38 ಅಡಿ ಎತ್ತರದ ಗುಡಿ ಕಟ್ಟಿ ನಿಲ್ಲಿಸಿತು. ಸ್ವಾಮಿ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ಆ ಮೇಳದ ಅಂಗವಾಗಿಯೇ ನಡೆದದ್ದು. ಪ್ಯಾಕೆಟ್ಟಿನೊಳಗೆ ಚಿತ್ರದ ಚೀಟಿಗಳನ್ನಿಟ್ಟು, ಅಂಟಿಸಲು ಆಲ್ಬಮ್ಮುಗಳನ್ನೂ ಮಾರಿ, ಮಕ್ಕಳನ್ನೂ ದೊಡ್ಡವರನ್ನೂ ಸಂಗ್ರಹಕಾರರನ್ನಾಗಿ ಮಾಡಿದ. ಆಡಾಲ್ಫ್ ಮೆಂಟ್ಸೆಲ್‌ನಂಥ ಹೆಸರಾಂತ ಚಿತ್ರಕಾರರೂ ಆ ಕೆಲಸದಲ್ಲಿ ಕೈಜೋಡಿಸಿದ್ದರು. ಫ್ರಾನ್ಸಿನ ಲಿಯೋನ್ ನಗರದ ಲುಮಿಯೇರ್ ಸೋದರರ ಚಲನಚಿತ್ರವನ್ನು ಜರ್ಮನಿಗೆ ತಂದವನೂ ಇವನೇ. 1896ರ ಏಪ್ರಿಲ್‌ನಲ್ಲಿ ಕಲೋನಿನಲ್ಲಿ ಅದರ ಪ್ರದರ್ಶನ ಏರ್ಪಡಿಸಿದ. 1903ರಲ್ಲಿ ಆಟಿಕೆ ಗ್ರಾಮಾಫೋನ್ ಒಂದನ್ನು ಮಾರುಕಟ್ಟೆಗೆ ಬಿಟ್ಟ. ಅದರಲ್ಲಿ ತಿರುಗುವ ತಟ್ಟೆಗಳು ಚಾಕೊಲೇಟಿನವು. ಹಾಡು ಕೇಳಿ ಮುಗಿದ ಮೇಲೆ ತಟ್ಟೆಯನ್ನೇ ತಿನ್ನಬಹುದಿತ್ತು!

ಇಷ್ಟು ದೊಡ್ಡ ಮನೆತನದ ಉದ್ದಿಮೆ ಮೊದಲ ಮಹಾಯುದ್ಧದ ನಂತರ ಕುಗ್ಗುತ್ತಾ ಬಂತು. ಎರಡನೆಯದರಲ್ಲಿ ಕಲೋನ್ ನಗರವೇ ಬಾಂಬುಗಳಿಗೆ ನೆಲಸಮವಾಯಿತು. ಆಮೇಲೆ ಚೇತರಿಸಿಕೊಂಡರೂ 1964ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಚಾಕೊಲೇಟಿಗಿದ್ದ ನಿಗದಿತ ಚಿಲ್ಲರೆ ಬೆಲೆಯ ಕಟ್ಟು ಸಡಿಲವಾದಾಗ ಪೈಪೋಟಿಯಲ್ಲಿ ಸೋತು ನಷ್ಟಕ್ಕೆ ಬಿತ್ತು. 1972ರಲ್ಲಿ ಅದನ್ನು ಕೈಗೆತ್ತಿಕೊಂಡವನು ಹಾನ್ಸ್ ಇಮ್‌ಹಾಫ್. 1922ರಲ್ಲಿ ಇದೇ ಕಲೋನಿನಲ್ಲಿ ಹುಟ್ಟಿ, ಸ್ಟೋಲ್‌ವೆರ್ಕ್ ಕಾರ್ಖಾನೆಯ ವಾಸನೆ ಕುಡಿಯುತ್ತಲೇ ಬೆಳೆದವನು. ಯುದ್ಧ ಮುಗಿದ ಮೇಲೆ ಮೋಸೆಲ್ ನದಿಯ ದಂಡೆಯ ಬುಲ್ಲಾಯ್ ಎಂಬ ಊರಿನಲ್ಲಿ ಸ್ವಂತ ಚಾಕೊಲೇಟ್ ಕಾರ್ಖಾನೆ ಕಟ್ಟಿಕೊಂಡಿದ್ದ.

ಕಂಪನಿಯನ್ನು ಉಳಿಸಲು ಅವನು ಮಾಡಿದ ಮೊದಲ ಕೆಲಸಗಳಲ್ಲೊಂದು, ನಗರದ ನಡುವೆ ಜೆವೆರಿನ್ ಬಡಾವಣೆಯಲ್ಲಿದ್ದ ಹಳೆಯ ಕಾರ್ಖಾನೆಯನ್ನು ಖಾಲಿ ಮಾಡಿ ನದಿಯ ಆಚೆ ವೆಸ್ಟ್‌ಹೋಫೆನ್‌ಗೆ ಸಾಗಿಸಿದ್ದು. ಅದು 1970ರ ದಶಕದ ಮಧ್ಯಭಾಗ. ಹಳೆಯ ಯಂತ್ರ ಹೊಸ ಕಟ್ಟಡಕ್ಕೆ ಬೇಡ, ಹಳೆಯ ಕಾಗದ ಯಾರಿಗೂ ಬೇಡ. ಗುಜರಿಗೆ ಹೋಗಲೆಂದು ಹೊರಗೆ ಬಿದ್ದ ರಾಶಿಯಲ್ಲಿ ಏನೆಲ್ಲ ಇತ್ತು! ಕಾಸು ಹಾಕುವ ಯಂತ್ರಗಳು, ಅಚ್ಚುಗಳು, ತಗಡಿನ ಡಬ್ಬಿಗಳು, ಎನಾಮೆಲ್ ಫಲಕಗಳು, ಚಿತ್ರದ ಚೀಟಿಗಳು. ಆ ರಾಶಿಯಿಂದ ಅವನ್ನು ಹೊರತೆಗೆಸಿ, ಜೋಪಾನ ಮಾಡಿಸಿದವನು ಇಮ್‌ಹಾಫ್. ಚಾಕೊಲೇಟ್ ತಿಂದರೆ ಮುಗಿಯಿತು, ಅದರ ಹಿಂದೆ ಉಳಿಯುವುದು ಡಬ್ಬಿ ಮತ್ತು ಯಂತ್ರ ಮಾತ್ರ. ಅವೂ ಹೋಗಿದ್ದರೆ ಒಂದೂವರೆ ಶತಮಾನದ ಕಸುಬಿಗೆ ಸಾಕ್ಷಿಯೇ ಇರುತ್ತಿರಲಿಲ್ಲ. ಲೆಕ್ಕಾಚಾರದ ಉದ್ಯಮಿ ಎಂದು ಹೆಸರಾದ ಮನುಷ್ಯನ ಇಡೀ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಕೆಲಸ ಇನ್ನೊಂದಿಲ್ಲ ಎಂದೇ ಹೇಳಬೇಕು.

ಖಾಲಿಯಾದ ಕಾರ್ಖಾನೆಯ ಕಟ್ಟಡಗಳಿಗೆ ಅಂಥ ಅದೃಷ್ಟ ಇರಲಿಲ್ಲ. ಅವನ್ನು ಕೆಡವಬಾರದು, ಮನೆ ಮಾಡಿ ಕಡಿಮೆ ಬಾಡಿಗೆಗೆ ಕೊಡಬೇಕು ಎಂದು ಬಡಾವಣೆಯ ಜನ 1980ರಲ್ಲಿ ಒಳನುಗ್ಗಿ ವಾರಗಟ್ಟಲೆ ಅಲ್ಲೇ ಕೂತರು. ಕೊನೆಗೆ ಹೆಚ್ಚಿನ ಭಾಗ ನೆಲಕ್ಕುರುಳಿತು, ಒಂದಿಷ್ಟು ಮಾತ್ರ ಮನೆಗಳಾಗಿ ಉಳಿಯಿತು. 1989ರಲ್ಲಿ ಕಂಪನಿಗೆ 150 ತುಂಬಿದಾಗ, ನಗರದ ಹಳೆಯ ಉತ್ಸವ ಭವನ ಗ್ಯೂರ್ಟ್ಸೆನಿಖ್‌ನಲ್ಲಿ ಉಳಿಸಿಟ್ಟ ವಸ್ತುಗಳ ಪ್ರದರ್ಶನ ನಡೆಯಿತು. ಜನ ಮುಗಿಬಿದ್ದರು. ಇದಕ್ಕೊಂದು ಕಾಯಂ ಮನೆ ಬೇಕು ಎಂದು ಇಮ್‌ಹಾಫ್‌ಗೆ ಅನಿಸಿದ್ದು ಆಗ. ನಾಲ್ಕು ವರ್ಷದಲ್ಲಿ ನದಿಯ ಮೇಲಿನ ಆ ಗಾಜಿನ ಹಡಗು ಎದ್ದು ನಿಂತಿತು. 2002ರಲ್ಲಿ ಸ್ಟೋಲ್‌ವೆರ್ಕ್ ಕಂಪನಿ ಬ್ಯಾರಿ ಕ್ಯಾಲೆಬೋಗೆ ಮಾರಾಟವಾಯಿತು, 2005ರಲ್ಲಿ ಕಲೋನಿನ ಕಾರ್ಖಾನೆ ಮುಚ್ಚಿತು, 2007ರಲ್ಲಿ ಇಮ್‌ಹಾಫ್ ತೀರಿಕೊಂಡ. ಮ್ಯೂಸಿಯಂ ಮಾತ್ರ ಅವನ ಕುಟುಂಬದ ಬಳಿಯೇ ಉಳಿಯಿತು. 2006ರಿಂದ ಅದರ ಪಾಲುದಾರ ಸ್ವಿಸ್ ಕಂಪನಿ ಲಿಂಡ್ಟ್. ಹೀಗಾಗಿ ಈಗ ಕಾರಂಜಿಯಲ್ಲಿ ಇಳಿಯುವ ಚಾಕೊಲೇಟ್ ಕಲೋನಿನ ಹಳೆಯ ಹೆಸರಿನದಲ್ಲ.

ಈ ಮನೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇನ್ನೊಂದಿದೆ. ಜನ ಬೇಗ ಬೇಗ ದಾಟಿಬಿಡುವ ಜಾಗವೂ ಅದೇ. ಬೆಳೆಯುವವರ ಬದುಕನ್ನು ತೋರಿಸುವ ಭಾಗ ಅದು. 20ನೇ ಶತಮಾನದ ಆರಂಭದಲ್ಲಿ ಪೋರ್ಚುಗಲ್ಲಿನ ವಸಾಹತು ಸಾವೊ ತೊಮೆ ದ್ವೀಪದಲ್ಲಿ, ಅಂಗೋಲಾದಿಂದ ಹಿಡಿದು ತಂದವರನ್ನು ಹೆಸರಿಗೆ ಕೂಲಿ, ವಾಸ್ತವದಲ್ಲಿ ಗುಲಾಮಗಿರಿ ಎಂಬಂತೆ ಕೊಕ್ಕೋ ತೋಟಗಳಲ್ಲಿ ದುಡಿಸುತ್ತಿದ್ದರು. ಪತ್ರಕರ್ತ ಹೆನ್ರಿ ನೆವಿನ್ಸನ್ ಅಲ್ಲಿಗೇ ಹೋಗಿ ನೋಡಿ ಬರೆದ. 1909ರಲ್ಲಿ ಇಂಗ್ಲೆಂಡಿನ ಕ್ಯಾಡ್‌ಬರಿ, ಫ್ರೈ, ರೌನ್‌ಟ್ರಿ ಕಂಪನಿಗಳು ಆ ದ್ವೀಪದ ಬೀಜ ಕೊಳ್ಳುವುದಿಲ್ಲವೆಂದು ಘೋಷಿಸಿದವು. ಅವರ ಜೊತೆ ಸೇರಿದ ಜರ್ಮನ್ ಕಂಪನಿ ಸ್ಟೋಲ್‌ವೆರ್ಕ್. ಕೊಕ್ಕೋ ಬೆಳೆ ಘಾನಾ, ಐವರಿ ಕೋಸ್ಟ್ ಕಡೆಗೂ ಹರಡಿತು. ಈಗ ಜಗತ್ತಿನ ಕೊಕ್ಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆ ಎರಡೇ ದೇಶಗಳದು.

ಮಕ್ಕಳ ದುಡಿಮೆಯ ಅತಿ ಕೆಟ್ಟ ರೂಪಗಳನ್ನು ತೊಡೆಯುತ್ತೇವೆಂದು ಚಾಕೊಲೇಟ್ ಉದ್ಯಮ 2001ರಲ್ಲಿ ಅಮೆರಿಕದ ಇಬ್ಬರು ಸಂಸದರ ಮುಂದಾಳತ್ವದಲ್ಲಿ ಒಪ್ಪಂದಕ್ಕೆ ಸಹಿ ಹಾಕಿತು. 2020ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆ ಕೊಟ್ಟ ವರದಿಯಂತೆ ಆ ಎರಡು ದೇಶಗಳ ಕೊಕ್ಕೋ ಕೃಷಿಯಲ್ಲಿ ಬಾಲಕಾರ್ಮಿಕರು ಸುಮಾರು 15.6 ಲಕ್ಷ. ಇವರಲ್ಲಿ ಬಹುಪಾಲು ಮಕ್ಕಳು ತಂತಮ್ಮ ಮನೆಯ ತೋಟದಲ್ಲೇ ದುಡಿಯುವವರು. ಬೆಲೆ ಸಿಗದ ಮನೆಯಲ್ಲಿ ಕೂಲಿಗೆ ಆಳು ಇಡಲು ದುಡ್ಡಿರುವುದಿಲ್ಲ, ಮಕ್ಕಳ ಕೈಗೆ ಕತ್ತಿ ಬರುತ್ತದೆ. ಕಾರಂಜಿಯ ಮುಂದಿನ ಸಾಲು ಉದ್ದವಾಗಿದ್ದರೆ ಆ ಹೊತ್ತನ್ನು ಈ ಫಲಕಗಳ ಮುಂದೆ ಕಳೆಯುವುದು ಒಳ್ಳೆಯದು.

ಇನ್ನು ರುಚಿ. ಬಾರ್ಸಿಲೋನಾದಲ್ಲಿ ಮಿಠಾಯಿಗಾರರ ಸಂಘ ನಡೆಸುವ ಚಾಕೊಲೇಟ್ ಮ್ಯೂಸಿಯಮ್ಮಿನಲ್ಲಿ ಪ್ರವೇಶದ ಟಿಕೆಟ್ಟೇ ತಿನ್ನುವ ಚಾಕೊಲೇಟ್. ಸ್ವಿಟ್ಜರ್ಲೆಂಡಿನ ಕಿಲ್ಶ್‌ಬೆರ್ಗ್‌ನಲ್ಲಿ 2020ರಲ್ಲಿ ತೆರೆದ ಲಿಂಡ್ಟ್ ಮನೆಯಲ್ಲಿ ಕಾರಂಜಿಯ ಎತ್ತರ 9 ಮೀಟರ್ ದಾಟುತ್ತದೆ. ಎಲ್ಲಿಯಾದರೂ ಅವಸರದ ನಾಲಿಗೆಗೆ ಸಿಗುವುದು ಸಕ್ಕರೆಯೊಂದೇ. ಕೊಕ್ಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಯಲ್ಲಿ, ಅಂದರೆ ಮೈಯ ಬಿಸಿಗಿಂತ ತುಸು ಕೆಳಗೆ. ಅಗಿಯದೆ ನಾಲಿಗೆಯ ಮೇಲಿಟ್ಟರೆ ಅದು ತಾನಾಗಿ ಕರಗುತ್ತದೆ. ಮೊದಲು ಸಿಹಿ, ಆಮೇಲೆ ಹುದುಗಿನ ಹುಳಿ, ಕೊನೆಗೆ ಹುರಿದ ಕಹಿ, ಒಂದರ ಹಿಂದೊಂದು ಬರುತ್ತವೆ. ಬಿಳಿಯದನ್ನು ಮೊದಲು, ಹಾಲಿನದನ್ನು ನಂತರ, ಕಪ್ಪನ್ನು ಕೊನೆಗೆ ತಿಂದು, ನಡುನಡುವೆ ಒಂದು ಗುಟುಕು ನೀರು ಕುಡಿದರೆ ಒಂದರ ರುಚಿ ಇನ್ನೊಂದನ್ನು ಮುಚ್ಚುವುದಿಲ್ಲ. ಮುರಿದಾಗ ಟಕ್ಕೆಂದು ಸದ್ದಾದರೆ ಹದವಾಗಿ ತಣಿಸಿದ್ದಾರೆ ಎಂದರ್ಥ. ಸರಿಯಾಗಿ ತಣಿಸದಿದ್ದರೆ ಮೈಮೇಲೆ ಬೂದಿ ಬಣ್ಣದ ಪೊರೆ ಬರುತ್ತದೆ. ಬಿಸಿಲಿಗೆ ಕರಗಿ ಮತ್ತೆ ಗಟ್ಟಿಯಾದರೂ ಹಾಗೇ. ಬೂಷ್ಟು ಹಿಡಿದಿದೆ ಎಂದು ಅದನ್ನು ಎಸೆಯುವವರು ಬಹಳ. ಅದು ಮೇಲೆ ಬಂದ ಬೆಣ್ಣೆ ಅಷ್ಟೇ, ತಿಂದರೆ ಏನೂ ಆಗದು.

ಕಲೋನಿನ ಗಾಜಿನ ಮನೆಯಲ್ಲಿ ಜರ್ಮನ್ ಮಕ್ಕಳು ಬೆರಗಾಗಿ ನೋಡುವ ಆ ಗಿಡ ಪುತ್ತೂರು, ಸುಳ್ಯ, ಬಂಟ್ವಾಳ, ಬೆಳ್ತಂಗಡಿಯ ಮಕ್ಕಳಿಗೆ ಹಿತ್ತಲಿನ ಸಂಗತಿ. ಭಾರತಕ್ಕೆ ಕೊಕ್ಕೋ ಬಂದದ್ದು 1798ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ತಮಿಳುನಾಡಿನ ಕುಟ್ರಾಲಮ್ಮಿನಲ್ಲಿ ನೆಟ್ಟಾಗ. ಕೃಷಿಯಾಗಿ ಬೇರು ಬಿಟ್ಟದ್ದು ಮಾತ್ರ 1960, 70ರ ದಶಕಗಳಲ್ಲಿ. ಅಡಕೆ ತೋಟದ ನೆರಳು, ನೀರು ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಅಡಕೆಯ ನಡುವೆ ಕೊಕ್ಕೋ ಬೆಳೆಸುವ ಬಗ್ಗೆ ವಿಟ್ಲದ ಸಂಶೋಧನಾ ಕೇಂದ್ರದಲ್ಲಿ ಬಹಳ ಕೆಲಸ ನಡೆದಿದೆ. ಉದುರಿದ ಎಲೆ ಮಣ್ಣಿಗೆ ಗೊಬ್ಬರ, ಕಾಯಿ ಕೈಗೆ ಕಾಸು. ತೊಂದರೆ ಕೊಡುವವರು ಅಳಿಲು, ಮಂಗ.

1980ರ ಸುಮಾರಿಗೆ ಅದಕ್ಕಿಂತ ದೊಡ್ಡ ತೊಂದರೆ ಬಂತು. ಅಂತರರಾಷ್ಟ್ರೀಯ ದರ ಕುಸಿದು ಖರೀದಿ ನಿಂತಿತು. ಕಿತ್ತ ಹಸಿ ಬೀಜವನ್ನು ಕೇಳುವವರಿಲ್ಲ, ಇಟ್ಟರೆ ಕೊಳೆಯುತ್ತದೆ. ಬೇಸತ್ತ ರೈತರು ಗಿಡಗಳನ್ನೇ ಕಡಿದು ಹಾಕಿದರು. 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಅಡಕೆ ಬೆಳೆಗಾರರಿಗಾಗಿ ಹುಟ್ಟಿದ್ದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಆಗ ಕೊಕ್ಕೋ ಖರೀದಿಗೆ ಇಳಿಯಿತು. ಕೊಂಡು ಒಣಗಿಸಿ ಮಾರುವುದಷ್ಟೇ ಸಾಲದು, ಚಾಕೊಲೇಟನ್ನೇ ಮಾಡಬೇಕು ಎಂದು ತೀರ್ಮಾನಿಸಿತು. 1986ರ ಸೆಪ್ಟೆಂಬರ್ 1ರಂದು ಪುತ್ತೂರಿನ ಕೆಮ್ಮಿಂಜೆಯಲ್ಲಿ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಕಾರ್ಖಾನೆಯನ್ನು ಉದ್ಘಾಟಿಸಿದರು. ಬೀಜ ಬೆಳೆಯುವ ರೈತರೇ ಚಾಕೊಲೇಟ್ ಕಾರ್ಖಾನೆಯ ಒಡೆಯರಾಗಿರುವುದು ಈ ಕಸುಬಿನ ಐದು ಸಾವಿರ ವರ್ಷದ ಕಥೆಯಲ್ಲಿ ಬಲು ಅಪರೂಪ. ಘಾನಾದ ರೈತ ಬೀಜ ಮಾರುತ್ತಾನೆ, ಚಾಕೊಲೇಟ್ ಆಗುವುದು ಬೇರೆಲ್ಲೋ. ಇಲ್ಲಿ ತೋಟದಿಂದ ಕಾರ್ಖಾನೆಗೆ ಜೀಪಿನಲ್ಲಿ ಹೋಗಿಬರುವಷ್ಟೇ ದೂರ. 2024ರ ಕೊನೆಗೆ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಕೊಕ್ಕೋ ಟನ್ನಿಗೆ 12,000 ಡಾಲರ್ ದಾಟಿದಾಗ ಆ ಬಿಸಿ ದಕ್ಷಿಣ ಕನ್ನಡದ ತೋಟಗಳಿಗೂ ಮುಟ್ಟಿತು. ಗಿಡ ಕಡಿಯದೆ ಉಳಿಸಿಕೊಂಡವರ ತಾಳ್ಮೆಗೆ ಬೆಲೆ ಬಂತು.

ಈ ಚರಿತ್ರೆಗೆ ಇನ್ನೂ ಅರ್ಧ ಶತಮಾನದಷ್ಟೇ ವಯಸ್ಸು. ಅದರ ಸಾಕ್ಷಿಗಳು ಮನೆಮನೆಯ ಅಟ್ಟದಲ್ಲಿವೆ. ಹಸಿ ಬೀಜ ತೂಗಿಸಿ ಪಡೆದ ಖರೀದಿ ಚೀಟಿಗಳು, ಸಂಘದ ಷೇರು ಪತ್ರಗಳು, ಮೊದಲ ವರ್ಷಗಳ ಚಾಕೊಲೇಟ್ ಹೊದಿಕೆಗಳು, ಉದ್ಘಾಟನೆಯ ದಿನದ ಫೋಟೊಗಳು, ಬೀಜ ಹುದುಗಿಸಿದ ಮರದ ಪೆಟ್ಟಿಗೆಗಳು. ಗಿಡ ನೆಟ್ಟು, ಕಡಿದು, ಮತ್ತೆ ನೆಟ್ಟ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಕೂರಿಸಿ ಮಾತಾಡಿಸಿ, ದನಿಯನ್ನು ಫೋನಿನಲ್ಲೇ ಮುದ್ರಿಸಿಡಿ. ಅಟ್ಟದ ಕಾಗದಗಳನ್ನು ಗುಜರಿಯವನಿಗೆ ತೂಗಿ ಕೊಡುವ ಮುಂಚೆ ಊರಿನ ಸಹಕಾರಿ ಸಂಘಕ್ಕೋ ಕಾಲೇಜಿನ ಗ್ರಂಥಾಲಯಕ್ಕೋ ಒಪ್ಪಿಸಿ. ಸಂಘಗಳೂ ಇದಕ್ಕಾಗಿ ಒಂದು ಕೋಣೆ, ಒಂದು ಬೀರು ಬಿಟ್ಟುಕೊಡಲಿ.